ಇಳಿತಕ್ಕೆ ಬಿಟ್ಟ ಕೆಂಪು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹಾಲು ಹಾಕುವವನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರವರೆಗೆ ಎಲ್ಲರಿಗೂ ಅವಳು ಎಡಿಟರಮ್ಮ. ಗಂಡ ಮದುವೆ ಮನೆಗಳಲ್ಲಿ ಕ್ಯಾಮೆರಾ ಹೆಗಲಿಗೇರಿಸಿಕೊಂಡು "ಸ್ಮೈಲ್, ಸ್ಮೈಲ್" ಎಂದು ಕೂಗಿ ಕೂಗಿ ಸ್ಮೈಲಪ್ಪನಾಗಿದ್ದ. ಊರನ್ನೆಲ್ಲ ನಗಿಸಿ ಬಂದವನು ಮನೆಯ ಹೊಸಿಲು ದಾಟಿದ ಕೂಡಲೇ ಮುಖ ಗಂಟು ಹಾಕಿಕೊಳ್ಳುತ್ತಿದ್ದ ಎನ್ನುವುದು ಬೇರೆ ಮಾತು. ಅವನು ತಂದು ಸುರಿದದ್ದನ್ನು ಕತ್ತರಿಸಿ, ಜೋಡಿಸಿ, ಬಣ್ಣ ತಿದ್ದಿ, ಮನುಷ್ಯರು ಕೂತು ನೋಡುವಂಥ ವಿಡಿಯೋ ಮಾಡುವುದು ಇವಳ ಕೆಲಸ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಕುರ್ಚಿಯಲ್ಲಿ ಕೂತರೆ ಒಲೆಯ ಮೇಲೆ ಅನ್ನ ಉಕ್ಕುವುದು ಕೇಳಿಸುತ್ತಿತ್ತು. ಒಲೆಯ ಮುಂದೆ ನಿಂತರೆ ಕಂಪ್ಯೂಟರ್ ಮುಗ್ಗರಿಸುವುದು ಕೇಳಿಸುತ್ತಿತ್ತು. ಮಗ ಶಾಲೆಗೆ ಸೇರುವ ಮೊದಲಿಂದ ಅವಳು ಈ ಎರಡರ ನಡುವೆ ಓಡಾಡಿಕೊಂಡೇ ಇದ್ದಳು.

ಬಣ್ಣದಲ್ಲಿ ಅವಳದು ಒಂದೇ ಸೂತ್ರ. ಪರದೆಯ ಮೇಲೆ ಕೆನ್ನೆ ತುಸು ಕೆಂಪೇರಿ ಕಾಣಬೇಕು. ಗಿರಾಕಿಯ ಮನೆಯ ಟಿವಿಗೆ ಹೋಗುವಷ್ಟರಲ್ಲಿ ಅದು ಇಳಿಯುತ್ತದೆ, ಇಳಿದ ಮೇಲೆ ಸರಿಹೋಗುತ್ತದೆ. ಒಗೆದ ಮೇಲೆ ಬಟ್ಟೆ ಕುಗ್ಗುತ್ತದೆಂದು ದರ್ಜಿ ಒಂದಿಷ್ಟು ಹೆಚ್ಚಿಗೆ ಬಿಟ್ಟು ಹೊಲಿಯುತ್ತಾನಲ್ಲ, ಹಾಗೆ ಅವಳು ಕೆಂಪು ಬಿಡುತ್ತಿದ್ದಳು. ಅದಕ್ಕೆ ಅವಳೇ ಇಟ್ಟ ಹೆಸರು 'ಇಳಿತ'. ಕೆಲಸ ಕಲಿಯುವ ಕಾಲದಲ್ಲಿ ನೂರು ಸಲ ಟಿವಿಗೆ ಹಾಕಿ, ಮತ್ತೆ ತಿದ್ದಿ, ಮತ್ತೆ ಹಾಕಿ, ಇಳಿತಕ್ಕೆ ಎಷ್ಟು ಬಿಡಬೇಕೆಂದು ಬೆರಳಿಗೆ ಕಲಿಸಿಕೊಂಡಿದ್ದಳು. ಆಮೇಲೆ ಟಿವಿಯ ಹತ್ತಿರ ಹೋಗುವ ಪ್ರಮೇಯವೇ ಬರಲಿಲ್ಲ. ಬೇರೆ ಸ್ಟುಡಿಯೋಗಳ ವಿಡಿಯೋದಲ್ಲಿ ಮದುಮಗಳು ಒಮ್ಮೆ ಸುಣ್ಣ, ಒಮ್ಮೆ ಅರಿಸಿನ. ಇವಳದರಲ್ಲಿ ಮಾತ್ರ ಮನುಷ್ಯಳು. ಎಡಿಟರಮ್ಮನ ಕೈಗುಣ ಎಂದು ಜನ ಹೇಳುತ್ತಿದ್ದರು, ಸ್ಮೈಲಪ್ಪ ಗಿರಾಕಿಗಳ ಮುಂದೆ ಅದನ್ನೇ ಮಾರುತ್ತಿದ್ದ.

ಹಳೆಯ ಕಂಪ್ಯೂಟರ್ ಮುದಿ ಎತ್ತಿನಂತೆ ಏದುಸಿರು ಬಿಡತೊಡಗಿದ ಹೊತ್ತಿಗೆ ಸರಿಯಾಗಿ ಮಗ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದ. ದೊಡ್ಡ ಸ್ಟುಡಿಯೋದಲ್ಲಿ ಸಿನಿಮಾಗಳಿಗೆ ಬಣ್ಣ ತಿದ್ದುವವರ ಪಕ್ಕದಲ್ಲಿ ಕೂತು ಕೆಲಸ ಕಲಿತವನು. ಆ ಸ್ಟುಡಿಯೋ ಬಾಗಿಲು ಹಾಕಿತ್ತು. ಸೊಸೆಗೆ ಎರಡು ಬೀದಿ ಆಚೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮಗನಿಗೆ ಒಬ್ಬ ನಿರ್ದೇಶಕ ಆಸೆ ಹುಟ್ಟಿಸಿದ್ದ. ಸರಿಯಾದ ಮಿಷಿನ್ ಇದ್ದರೆ ನನ್ನ ಸಿನಿಮಾದ ಬಣ್ಣದ ಕೆಲಸ ನಿನಗೇ ಎಂದಿದ್ದ. ಸಿದ್ಧ ಮಿಷಿನ್ ಬೇಡ, ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ನಾವೇ ಜೋಡಿಸೋಣ ಎಂದು ಮಗ ಹೇಳಿದಂದಿನಿಂದ ಆ ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು.

"ಗ್ರಾಫಿಕ್ಸ್ ಕಾರ್ಡ್ ಮಾತ್ರ ದೊಡ್ಡದೇ ಬೇಕು," ಎಂದ ಮಗ, ಅನ್ನ ಕಲಸುತ್ತಾ. "ಬಣ್ಣದ ಕೆಲಸ ಎಲ್ಲಾ ಅದರ ತಲೆ ಮೇಲೇ ಬೀಳೋದು. ಪ್ರೊಸೆಸರ್ ಒಂದು ಮೆಟ್ಟಲು ಕೆಳಗಿಂದಾದ್ರೂ ನಡೆಯುತ್ತೆ."

"ಡಬ್ಬ ಗಾಜಿಂದಿರಲಿ," ಎಂದ ಸ್ಮೈಲಪ್ಪ. "ಒಳಗೆ ಬಣ್ಣ ಬಣ್ಣದ ದೀಪ ಉರೀಬೇಕು. ಗಿರಾಕಿ ಒಳಗೆ ಕಾಲಿಟ್ಟ ಕೂಡ್ಲೇ ಬಾಯಿ ಬಿಡಬೇಕು."

"ಅಪ್ಪಾ, ಬಣ್ಣ ನೋಡೋ ಕೋಣೇಲಿ ದೀಪ ಕುಣಿದ್ರೆ ಕಣ್ಣು ಮೋಸ ಹೋಗುತ್ತೆ. ಕರೀ ಡಬ್ಬ ಸಾಕು."

"ಅಷ್ಟು ದುಡ್ಡು ಸುರಿದು ಕರೀ ಡಬ್ಬ ತರೋದಾ? ಅಕ್ಕಿ ಡಬ್ಬಕ್ಕೇ ವಯರು ಸಿಕ್ಕಿಸ್ಕೋ ಹಾಗಾದ್ರೆ."

"ಮೊದಲು ಮದರ್‌ಬೋರ್ಡ್ ಯಾವುದು ಅಂತ ಗಟ್ಟಿಯಾಗ್ಲಿ. ಮಿಕ್ಕಿದ್ದೆಲ್ಲಾ ಅದಕ್ಕೇ ತಾನೆ ಸಿಕ್ಕಿಸೋದು?"

"ಅದು ಈ ಮನೇಲಿ ಮೊದಲಿಂದಲೂ ಇದೆಯಲ್ಲ," ಎಂದು ಸ್ಮೈಲಪ್ಪ ತುತ್ತಿನ ಕೈಯನ್ನೇ ಹೆಂಡತಿಯ ಕಡೆ ತೋರಿಸಿದ. ಸೊಸೆ ನಕ್ಕಳು, ಎಡಿಟರಮ್ಮನೂ ನಕ್ಕಳು. ಅವನಿಗೆ ಇನ್ನೊಂದು ಸೌಟು ಬೇಳೆ ಬಡಿಸಿ ಕೇಳಿದಳು:

"ಪರದೆ ಎಂಥದು ತರ್ತೀಯೋ?"

"ಸದ್ಯಕ್ಕೆ ಸಾಧಾರಣದ್ದು ಅಮ್ಮಾ. ಸಿನಿಮಾ ದುಡ್ಡು ಬಂದ ಮೇಲೆ ಒಳ್ಳೇದು ತಗೊಳ್ಳೋಣ."

"ಅಯ್ಯೋ ಮಾರಾಯ, ಕಣ್ಣಿಗೆ ಕಾಣೋದು ಪರದೆ. ಅದರಲ್ಲಿ ಜಿಪುಣತನ ಮಾಡಿ ಒಳಗಿರೋದಕ್ಕೆ ಸುರೀತೀನಿ ಅಂತೀಯಲ್ಲ. ನಿನ್ನ ಕಾರ್ಡನ್ನ ಯಾರು ನೋಡ್ತಾರೆ?"

"ಕಾರ್ಡಿಲ್ಲದಿದ್ರೆ ಪರದೆ ಮೇಲೆ ಓಡೋದೇನು? ಒಂದೊಂದು ಶಾಟಿಗೂ ತಪಸ್ಸು ಮಾಡ್ತಾ ಕೂತ್ಕೋತೀಯಾ?"

"ಇಷ್ಟು ವರ್ಷ ಇನ್ನೇನು ಮಾಡಿದೀನಿ? ಕಾಯೋದು ನಂಗೆ ಕಲಿಸ್ಬೇಡ. ಇದಕ್ಕೆ ಹಾಕ್ತಿರೋ ದುಡ್ಡಲ್ಲಿ ನಂದೂ ಪಾಲಿದೆ, ಆಲ್ಬಂ ಮಾಡಿ ಮಾಡಿ ಉಳಿಸಿದ್ದು. ಆ ಪಾಲಿಗೆ ಒಳ್ಳೇ ಪರದೆ ಬರಲಿ."

"ಅತ್ತೆ ಹೇಳೋದೇ ಸರಿ," ಎಂದು ಸೊಸೆ ನಡುವೆ ಬಾಯಿ ಹಾಕಿದಳು. "ನಮ್ಮ ಅಂಗಡೀಲೂ ಹಾಗೇ. ಫ್ರೇಮಿಗೆ ಕೇಳಿದಷ್ಟು ಕೊಡ್ತಾರೆ, ಗಾಜಿಗೆ ಬಂದ್ರೆ ಚೌಕಾಸಿ."

"ನೀನೂ ಆ ಕಡೇನಾ?" ಎಂದ ಮಗ. ಆಮೇಲೆ ಎಷ್ಟೋ ಹೊತ್ತು ಫೋನಿನಲ್ಲಿ ಬೆರಳಾಡಿಸಿ, ನಿಟ್ಟುಸಿರು ಬಿಟ್ಟು, "ಆಯ್ತು, ಬಣ್ಣ ತಿದ್ದೋರಿಗೆ ಅಂತಲೇ ಮಾಡಿದ ಪರದೆ ಬರುತ್ತೆ, ಅದನ್ನೇ ತರೋಣ. ಹೇಗಾದ್ರೂ ಹೊಂದಿಸ್ತೀನಿ," ಎಂದ. ಎಡಿಟರಮ್ಮನಿಗೆ ಹೊಟ್ಟೆ ತುಂಬಿದ ಹಾಗಾಯಿತು. ಆ ಮನೆಯಲ್ಲಿ ಅವಳ ಮಾತು ನಡೆದದ್ದು ಕಡಿಮೆ.

ಭಾಗಗಳು ಒಂದೊಂದಾಗಿ ಬಂದವು. ಮೊದಲು ಕರೀ ಡಬ್ಬ, ಸ್ಮೈಲಪ್ಪ ಅದನ್ನು ಕಂಡು ಮೂಗು ಮುರಿದ. ಆಮೇಲೆ ಮದರ್‌ಬೋರ್ಡ್, ಪ್ರೊಸೆಸರ್, ವಿಡಿಯೋ ತುಂಬಿಡುವ ಡ್ರೈವ್‌ಗಳು, ಕೊನೆಗೆ ಹಸುಗೂಸಿನ ಹಾಗೆ ನಾಲ್ಕು ಸುತ್ತು ಸುತ್ತಿದ ಗ್ರಾಫಿಕ್ಸ್ ಕಾರ್ಡ್. ಮಗ ಊಟದ ಮೇಜನ್ನೇ ಆಕ್ರಮಿಸಿಕೊಂಡು ಜೋಡಣೆಗೆ ಕೂತ. ಮನೆಯವರು ನೆಲದ ಮೇಲೆ ಕೂತು ಉಂಡರು. ಎಣ್ಣೆ ಕೈಯಲ್ಲಿ ಮುಟ್ಟಬೇಡಿ, ಹತ್ತಿರ ನಿಂತು ಕೆಮ್ಮಬೇಡಿ, ಫ್ಯಾನ್ ಹಾಕಬೇಡಿ, ಇದೇ ರಾಗ. ಮುಂದಿನ ಕೋಣೆಯ ಗುಲಾಬಿ ಗೋಡೆಗಳಿಗೆ ಬೂದು ಬಣ್ಣ ಬಳಿಸಿದ. ಬಣ್ಣದ ಗೋಡೆ ಕಣ್ಣಿಗೆ ಸುಳ್ಳು ಹೇಳುತ್ತದಂತೆ. ಸ್ಮೈಲಪ್ಪ ಜೀವಮಾನವೆಲ್ಲ ತೆಗೆದು ಕಟ್ಟು ಹಾಕಿಸಿದ್ದ ಮದುಮಕ್ಕಳ ಫೋಟೋಗಳು ಇಳಿದು ಮಂಚದ ಕೆಳಗೆ ಹೋದವು.

"ಸತ್ತವರ ಮನೆ ಥರ ಮಾಡಿಟ್ಟ," ಎಂದು ಗೊಣಗಿದ ಸ್ಮೈಲಪ್ಪ.

ಪರದೆ ಬಂದ ದಿನ ಎಡಿಟರಮ್ಮ ತರಕಾರಿ ತರಲು ಹೋಗಿದ್ದಳು. ಚೀಲ ಹೊತ್ತು ಬಂದು ನೋಡಿದರೆ ಹೊಸ ಪರದೆ ಮೇಜಿನ ಮೇಲಿದೆ. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ಇಲ್ಲ, ಹಳೆಯ ಪರದೆ ಇಲ್ಲ. ಧೂಳಿನಲ್ಲಿ ಅವು ಕೂತಿದ್ದ ಗುರುತಷ್ಟೇ ಇತ್ತು.

"ನಂದೆಲ್ಲೋ?"

"ಅಂಗಡಿಯವನಿಗೆ ಎಕ್ಸ್‌ಚೇಂಜಿಗೆ ಕೊಟ್ಟೆ ಅಮ್ಮಾ. ಇಲ್ಲದಿದ್ರೆ ಹೊಂದ್ತಾ ಇರ್ಲಿಲ್ಲ."

"ಒಂದು ಮಾತು ಕೇಳಬಾರದಾ?"

"ಏನಂತ ಕೇಳ್ಲಿ? ಗುಜರಿಗೆ ಹಾಕೋ ಸಾಮಾನು. ನಿನ್ನ ಪರದೆಗೋಸ್ಕರವೇ ಕೊಟ್ಟಿದ್ದು."

ತಾನೇ ಹಟ ಹಿಡಿದು ತರಿಸಿದ ಪರದೆ, ಇನ್ನು ಯಾರ ಮೇಲೆ ಸಿಡುಕುವುದು? ಚೀಲದಿಂದ ಸೊಪ್ಪು ತೆಗೆದು ಸೋಸುತ್ತಾ ಕೂತಳು. ಆ ಸಂಜೆ ಮಗ ಕೋಣೆಯ ದೀಪ ಆರಿಸಿ, ಪರದೆಯ ಮೇಲೆ ಕಪ್ಪು ಬಿಲ್ಲೆಯಂಥದೊಂದನ್ನು ನೇತುಹಾಕಿ, ಬಣ್ಣಗಳ ಅಳತೆ ಹೊಂದಿಸಿದ. ಇವಳು ಬಾಗಿಲಲ್ಲಿ ಇಣುಕಿದಾಗ, "ದೀಪ ಹಾಕ್ಬೇಡ, ಆಚೆ ಇರು," ಎಂದ. ಮುಗಿದ ಮೇಲೆ ಕರೆದು ತೋರಿಸಿದ.

"ನೋಡಮ್ಮಾ. ಇನ್ಮೇಲೆ ಇದರಲ್ಲಿ ಕಂಡಿದ್ದೇ ಬಣ್ಣ."

ಅಂಗಡಿಯವರೂ ಟಿವಿ ಮಾರುವಾಗ ಇದನ್ನೇ ಹೇಳುತ್ತಾರೆ ಎಂದುಕೊಂಡು ಅವಳು ತಲೆಯಾಡಿಸಿದಳು.

ಮರದ ಡಿಪೋದ ಸಾಹುಕಾರರ ಮಗಳ ಮದುವೆ ಮುಗಿದು ಆಗಲೇ ಬಹಳ ದಿನವಾಗಿತ್ತು. ವಿಡಿಯೋ ಎಲ್ಲಿ ಎಂದು ಅವರು ಎರಡೆರಡು ಸಲ ಆಳು ಕಳಿಸಿದ್ದರು. ಮಗ ನಿರ್ದೇಶಕನನ್ನು ಕಾಣಲು ಹೋದವನು ವಾರ ಕಳೆದರೂ ಬಂದಿರಲಿಲ್ಲ. "ನೀನೇ ಮುಗಿಸಿಬಿಡು ಅಮ್ಮಾ, ಅದು ಮಾಮೂಲು ಕೆಲಸ," ಎಂದು ಫೋನಿನಲ್ಲಿ ಹೇಳಿದ.

ಎಡಿಟರಮ್ಮ ಬೆಳಿಗ್ಗೆ ಬೇಗ ಎದ್ದು ಅಡಿಗೆ ಮುಗಿಸಿ, ಕೈ ತೊಳೆದು, ಒರೆಸಿ, ಹೊಸ ಮಿಷಿನ್ ಮುಂದೆ ಕೂತಳು. ಅದರ ಓಟ ಕಂಡು ಅವಳಿಗೆ ನಗು ಬಂತು. ಮೊದಲು ಒಂದು ಶಾಟ್ ತಿದ್ದಿ ಒಲೆಯ ಹತ್ತಿರ ಹೋಗಿ ಬರುವಷ್ಟು ಬಿಡುವಿರುತ್ತಿತ್ತು; ಈಗ ಬೆರಳು ಎತ್ತುವ ಮೊದಲೇ ಮುಗಿದಿರುತ್ತಿತ್ತು. ಆದರೆ ಪರದೆ ಅವಳಿಗೆ ಹಿಡಿಸಲಿಲ್ಲ. ಮುಖಗಳೆಲ್ಲ ಜ್ವರ ಬಿಟ್ಟು ಎದ್ದವರಂತೆ ಕಂಡವು. ಇಷ್ಟು ದುಡ್ಡು ಕೊಟ್ಟು ತಂದ ಪರದೆಗೆ ರಕ್ತವೇ ಇಲ್ಲವಲ್ಲ ಎಂದುಕೊಂಡಳು. ಪರದೆಯ ಪಕ್ಕದಲ್ಲಿ ಮಗ ತೆರೆದಿಟ್ಟುಹೋಗಿದ್ದ, ಯಾವ ಬಣ್ಣ ಎಷ್ಟಿದೆ ಎಂದು ತೋರಿಸುವ ಗ್ರಾಫ್ ತನ್ನಷ್ಟಕ್ಕೆ ಏರಿ ಇಳಿಯುತ್ತಿತ್ತು. ಅವಳು ಯಾವತ್ತೂ ಗ್ರಾಫ್ ನೋಡಿದವಳಲ್ಲ, ಮುಖ ನೋಡಿದವಳು. ಕೆನ್ನೆ ಎಷ್ಟು ಕೆಂಪೇರಬೇಕೋ ಅಷ್ಟು ಏರುವವರೆಗೆ ಏರಿಸಿದಳು. ಇಳಿತಕ್ಕೆ ಬಿಡಬೇಕಾದಷ್ಟನ್ನು ಬಿಟ್ಟಳು. ಮೂರು ದಿನ ಬೆನ್ನು ಬಗ್ಗಿಸಿ ಕೂತು, ಮಾಡಿ ಮುಗಿಸಿದ ಮೇಲೆ ಗಂಡನನ್ನು ಕರೆದಳು.

"ರೀ, ನೋಡ್ರೀ ಒಂಚೂರು."

ಸ್ಮೈಲಪ್ಪ ಬಾಗಿಲಲ್ಲೇ ನಿಂತು ನೋಡಿದ. "ಕೆಂಪು ಜಾಸ್ತಿ ಆಗ್ಲಿಲ್ವೇನೇ?"

"ಇಳಿಯುತ್ತೆ ಬಿಡಿ. ಯಾವತ್ತು ಇಳಿದಿಲ್ಲ?"

ಯಾವತ್ತೂ ಇಳಿದಿತ್ತು. ಅವನು ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ಹೋಗಿ ಕೊಟ್ಟು, ಅದರ ಹಣದಲ್ಲಿ ಬರುವಾಗ ಮೊಟ್ಟೆ, ಹಣ್ಣು ತಂದ.

ಡಿಪೋ ಸಾಹುಕಾರರು ನಾಲ್ಕನೆಯ ದಿನ ತಾವೇ ಬಂದರು. ಮಗನೂ ಅವತ್ತು ಬೆಳಿಗ್ಗೆಯಷ್ಟೇ ಊರಿಂದ ಬಂದಿದ್ದ. ಸಾಹುಕಾರರು ಕುರ್ಚಿ ಹಾಕಿದರೂ ಕೂರಲಿಲ್ಲ. ಪೆನ್‌ಡ್ರೈವ್ ಕೈಯಲ್ಲಿ ಹಿಡಿದು, "ನಿಮ್ಮನೇಲಿ ಟಿವಿ ಇದೆಯಲ್ಲ, ಹಾಕಿ. ಎಲ್ಲಾರೂ ಬಂದು ನೋಡಿ," ಎಂದರು.

ಹಾಕಿದರು. ಮದುವೆಗೆ ಬಂದವರೆಲ್ಲ ಹೆಂಡದಂಗಡಿಯಿಂದ ನೇರ ಎದ್ದು ಬಂದ ಹಾಗಿದ್ದರು. ಮದುಮಗಳು ಉರಿಬಿಸಿಲಲ್ಲಿ ಕಲ್ಲು ಹೊತ್ತವಳಂತೆ ಧುಮುಗುಡುತ್ತಿದ್ದಳು. ಮದುಮಗನ ಕಿವಿಗಳು ಯಾರೋ ಹಿಂಡಿ ಕಳಿಸಿದಂತಿದ್ದವು. ಎಲ್ಲರ ನಡುವೆ, ಬೀಗರ ಭುಜದ ಮೇಲೆ ಕೈ ಹಾಕಿಕೊಂಡು, ಮೂಗು ಕೆಂಪು, ಕಣ್ಣು ಕೆಂಪು, ಬಾಯಿ ತುಂಬ ನಗುತ್ತಾ ಡಿಪೋ ಸಾಹುಕಾರರು.

"ನಾನು ಕುಡಿಯೋದು ಬಿಟ್ಟು ಎಷ್ಟು ವರ್ಷ ಆಯ್ತು ಗೊತ್ತೇನಮ್ಮಾ ನಿಮಗೆ?" ಸಾಹುಕಾರರು ಟಿವಿಯ ಕಡೆ ಬೆರಳು ತೋರಿಸಿದರು. "ಸಂಬಂಧ ಗಟ್ಟಿಯಾಗೋಕೆ ಮುಂಚೆ ಬೀಗರು ಬೀದೀಲೆಲ್ಲ ವಿಚಾರಿಸಿದ್ರು. ಮುಟ್ಟೋದಿಲ್ಲ ಅಂತ ಮಾತು ಕೊಟ್ಟಿದ್ದೆ. ಮೊನ್ನೆ ಅವರ ಮನೇಲಿ ಎಲ್ಲಾರೂ ಕೂತು ಇದನ್ನ ನೋಡಿದಾರೆ. ನಕ್ಕಿದಾರೆ. ನನ್ನ ಮಗಳು ಫೋನ್ ಮಾಡಿ ಕೇಳ್ತಾಳೆ, 'ಅಪ್ಪಾ, ಅವತ್ತೂ ಕುಡಿದಿದ್ಯಾ?' ಅಂತ."

ಸ್ಮೈಲಪ್ಪ ಟಿವಿ ಆರಿಸಿ, "ಯಾರೋ ಹೊಸಬರು ಮಾಡಿರ್ಬೇಕು ಸಾಹುಕಾರ್ರೇ, ನಾನು ವಿಚಾರಿಸ್ತೀನಿ," ಎಂದ.

"ನಾನೇ ಮಾಡಿದ್ದು," ಎಂದಳು ಎಡಿಟರಮ್ಮ.

"ಅದಕ್ಕೇ ಹೊಟ್ಟೆ ಉರಿಯೋದು ನಂಗೆ. ಕ್ಯಾಮೆರಾದವರು ಊರು ತುಂಬಾ ಇದಾರೆ. ನಿಮ್ಮ ಕೈ ನಂಬಿಕೊಂಡು ಈ ಬಾಗಿಲಿಗೆ ಬಂದಿದ್ದು."

ಅವರು ಹೋದ ಮೇಲೆ ಸ್ಮೈಲಪ್ಪ ಶುರು ಮಾಡಿದ.

"ಕೆಂಪು ಜಾಸ್ತಿ ಅಂತ ನಾನು ಬಡ್ಕೊಂಡೆ. ಇಳಿಯುತ್ತೆ ಅಂದಳು. ಇಳೀತಲ್ಲ, ನನ್ನ ಮರ್ಯಾದೆ!"

"ಬಾಗಿಲಲ್ಲಿ ನಿಂತು ಒಂದು ಸಲ ಅಂದಿದ್ದಕ್ಕೆ ಬಡ್ಕೊಳ್ಳೋದು ಅಂತಾರೇನ್ರೀ?"

"ಗ್ರಾಫ್ ನೋಡಿದ್ರೆ ಮುಗೀತಿತ್ತು ಅಮ್ಮಾ," ಎಂದ ಮಗ. "ಕೆಂಪು ಮೇಲಿನ ಗೆರೆ ದಾಟಿ ಕೂತಿದೆ. ಕಣ್ಮುಚ್ಚಿಕೊಂಡು ಮಾಡಿದ ಹಾಗಿದೆ."

"ಮಾವಾ, ಸುಮ್ನೆ ಕೂಗಾಡ್ಬೇಡಿ," ಎಂದಳು ಸೊಸೆ. "ವಯಸ್ಸಾದ ಮೇಲೆ ಕೆಲವರಿಗೆ ಬಣ್ಣ ತಿಳಿಯೋದಿಲ್ಲ. ಅತ್ತೆ, ನಾಳೆ ನಮ್ಮ ಅಂಗಡಿಗೆ ಬನ್ನಿ. ಕಣ್ಣಿನ ಡಾಕ್ಟ್ರು ಬರ್ತಾರೆ, ತೋರಿಸೋಣ."

ಎಡಿಟರಮ್ಮ ಹೋದಳು. ಕತ್ತಲೆ ಕೋಣೆಯಲ್ಲಿ ಕೂರಿಸಿ, ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಗಳನ್ನು ಓದಿಸಿದರು. ಒಂದನ್ನೂ ಅವಳು ತಪ್ಪಲಿಲ್ಲ. ಕಣ್ಣಿಗೆ ಏನೂ ಆಗಿಲ್ಲ, ಚೆನ್ನಾಗಿದೆ ಎಂದು ಡಾಕ್ಟರು ಬೆನ್ನು ತಟ್ಟಿದರು. ಹೊರಗೆ ಬಂದಾಗ ಅವಳ ಮುಖ ನೋಡಿ ಸೊಸೆಗೆ ಆಶ್ಚರ್ಯವಾಯಿತು.

"ಖುಷಿ ಪಡೋದು ಬಿಟ್ಟು ಯಾಕತ್ತೆ ಹೀಗಿದೀರಿ?"

"ಕಣ್ಣು ಕೆಟ್ಟಿದ್ರೆ ಒಂದು ಕನ್ನಡಕದಲ್ಲಿ ಮುಗೀತಿತ್ತಲ್ಲಮ್ಮಾ," ಎಂದಳು ಎಡಿಟರಮ್ಮ. ಕಣ್ಣೇ ಕೆಟ್ಟಿರಲಿ ಎಂದು ಅವಳು ನಿಜವಾಗಿಯೂ ಆಸೆಪಟ್ಟಿದ್ದಳು.

ಮನೆಗೆ ಹೋಗುವ ದಾರಿಯಲ್ಲೇ, ಮಗ ಹಳೆಯದನ್ನು ಕೊಟ್ಟಿದ್ದ ಕಂಪ್ಯೂಟರ್ ಅಂಗಡಿ. ಪೆನ್‌ಡ್ರೈವ್ ಬೇಕು ಎಂಬ ನೆವದಲ್ಲಿ ಒಳಗೆ ಹೋದಳು. ಅವಳ ಹಳೆಯ ಪರದೆ ಬಿಲ್ಲು ಬರೆಯುವ ಕಟ್ಟೆಯ ಮೇಲೆ ಕೂತಿತ್ತು. ಮೂಲೆಯಲ್ಲಿ ಅವಳು ಅಂಟಿಸಿದ್ದ ಟೇಪು ಕೂಡ ಹಾಗೇ ಇತ್ತು. ಅಂಗಡಿಯವನ ಮಗುವಿನ ಫೋಟೋ ಅದರಲ್ಲಿ ಕಾಣುತ್ತಿತ್ತು. ಕೆನ್ನೆ ಕೆಂಪಗೆ, ಅವಳಿಗೆ ಹೇಗೆ ಬೇಕೋ ಹಾಗೆ.

"ಚೆನ್ನಾಗಿ ಬರ್ತಿದೆಯಲ್ಲಪ್ಪಾ," ಎಂದಳು.

"ಎಲ್ಲಿ ಅಮ್ಮಾ? ಕೆಂಪು ಹೊಡೀತದೆ. ಒಳಗೇ ಹಾಗಿದೆ, ತಿರುಗಿಸಿ ನೋಡಿದೆ, ಸರಿ ಹೋಗ್ಲಿಲ್ಲ. ಹುಟ್ಟಿದಾಗಿಂದ್ಲೇ ಹಾಗಿರ್ಬೇಕು ಅದು. ಬಿಲ್ಲಿಗೇನು, ನಡೆಯುತ್ತೆ."

ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. "ಎಲ್ಲಾ ಪರದೇಲೂ ಹಾಗೇ ಅಲ್ವಾ? ಟಿವಿಗೆ ಹೋದಾಗ ಬಣ್ಣ ಇಳಿಯುತ್ತಲ್ಲ."

"ಇಳಿಯೋದಾ?" ಅಂಗಡಿಯವನು ನಕ್ಕ. "ಎಲ್ಲಿಗೆ ಇಳಿಯುತ್ತೆ ಅಮ್ಮಾ?"

ಪೆನ್‌ಡ್ರೈವ್ ತೆಗೆದುಕೊಳ್ಳದೆಯೇ ಮನೆಗೆ ಬಂದಳು. ದಾರಿಯುದ್ದಕ್ಕೂ ಲೆಕ್ಕ ಬಿಡಿಸಿದಂತೆ ಒಂದೊಂದೇ ತಿಳಿಯುತ್ತಾ ಹೋಯಿತು. ಇಳಿತ ಎನ್ನುವುದು ಎಲ್ಲೂ ಇರಲಿಲ್ಲ. ಇದ್ದದ್ದಕ್ಕಿಂತ ಹೆಚ್ಚು ಕೆಂಪು ತೋರಿಸುವ ಒಂದು ಕೆಟ್ಟ ಪರದೆ ಇತ್ತು, ಅದರ ಕೆಡುಕಿಗೆ ಅವಳ ಬೆರಳು ಹೊಂದಿಕೊಂಡಿತ್ತು. ಆ ಹೊಂದಾಣಿಕೆಗೆ ಊರವರು ಕೈಗುಣ ಎಂದು ಹೆಸರಿಟ್ಟರು, ಅವಳು ನಂಬಿದಳು. ಅವಮಾನಕ್ಕಿಂತ ಹೆಚ್ಚಾಗಿ ಅವಳಿಗೆ ಅಳು ಬಂತು, ಬೀದಿಯಲ್ಲಿ ನಡೆಯುತ್ತಿದ್ದುದರಿಂದ ನುಂಗಿಕೊಂಡಳು.

ಸಂಜೆ ಊಟಕ್ಕೆ ಕೂತಾಗ ಅವಳೇ ಎಲ್ಲರಿಗೂ ಹೇಳಿದಳು. ಮುಚ್ಚಿಡುವ ಸ್ವಭಾವ ಅವಳದಲ್ಲ. ಮಗ ತುತ್ತು ಕೈಯಲ್ಲೇ ಹಿಡಿದು ಕೇಳಿ, "ಅಯ್ಯೋ ಅಮ್ಮಾ! ನಾನು ಅಳತೆ ಹೊಂದಿಸಿದ ದಿನವೇ ಹೇಳಿದ್ನಲ್ಲ, ಕಂಡಿದ್ದೇ ಬಣ್ಣ ಅಂತ," ಎಂದ.

"ಹೇಳ್ದೆ. ನನ್ನ ಇಳಿತದ ಮಾತು ನೀನೂ ಚಿಕ್ಕಂದಿನಿಂದ ಕೇಳ್ತಾ ಬಂದಿದೀಯಲ್ಲ. ಹೊಸದರಲ್ಲಿ ಅದನ್ನ ಬಿಡಬೇಕು ಅಂತ ನಿಂಗೂ ಹೊಳೀಲಿಲ್ಲ."

ಸ್ಮೈಲಪ್ಪ ನೀರು ಕುಡಿದು ಲೋಟ ಇಟ್ಟ.

"ಅಂದ್ರೆ ಇಷ್ಟು ವರ್ಷ ನಾನು ಊರೆಲ್ಲಾ ಹೇಳ್ಕೊಂಡು ತಿರುಗಿದ ಕೈಗುಣ, ಆ ಗುಜರಿ ಡಬ್ಬದ್ದಾ?"

"ಹೌದ್ರೀ. ಡಬ್ಬದ್ದೇ," ಎಂದಳು ಎಡಿಟರಮ್ಮ. "ಆ ಡಬ್ಬದ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡಿದ್ದು ಮಾತ್ರ ನಾನು."

ಅವತ್ತು ಯಾರೂ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಮಗ ಡಿಪೋ ಸಾಹುಕಾರರ ವಿಡಿಯೋವನ್ನು ಒಂದೇ ದಿನದಲ್ಲಿ ಮತ್ತೆ ಮಾಡಿದ. ಎಡಿಟರಮ್ಮ ಹಿಂದೆ ನಿಂತು ನೋಡಿದಳು. ಮದುಮಗಳ ಕೆಂಪು ಉಡುಪು ಕೆಂಪಾಗಿಯೇ ಇತ್ತು, ಅವಳ ಮುಖ ಮಾತ್ರ ಮುಖದ ಬಣ್ಣಕ್ಕೆ ಬಂದು ನಿಂತಿತು. ಕೊರಳ ಪಕ್ಕದ ನೆರಳಿನಲ್ಲಿ ಕೂಡ ಚರ್ಮ ಜೀವಂತವಾಗಿ ಕಂಡಿತು. ತಾನು ಯಾವತ್ತೂ ಇಷ್ಟು ಚೆನ್ನಾಗಿ ಮಾಡಿರಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ಮಗನ ಮೇಲೆ ಹೆಮ್ಮೆಯಾಯಿತು, ಹೆಮ್ಮೆಯಷ್ಟೇ ಸಂಕಟವೂ ಆಯಿತು. ಸಾಹುಕಾರರು ಹೊಸದನ್ನು ತೆಗೆದುಕೊಂಡು ಹೋದರು. ಬೀಗರ ಮನೆಯಲ್ಲಿ ಅದನ್ನು ಮತ್ತೆ ಯಾರೂ ಕೂತು ನೋಡಲಿಲ್ಲವೆಂದು ಆಮೇಲೆ ತಿಳಿಯಿತು. ನಕ್ಕಿದ್ದು ನಕ್ಕಾಗಿತ್ತು.

ನಿರ್ದೇಶಕನ ಸಿನಿಮಾ ಬಂತು. ಮುಂದಿನ ಕೋಣೆಯ ಬಾಗಿಲು ಹಗಲೆಲ್ಲ ಮುಚ್ಚಿರತೊಡಗಿತು. ಎಡಿಟರಮ್ಮ ಚಹಾ ತೆಗೆದುಕೊಂಡು ಹೋದಾಗ, ನಿಂತುಕೊಂಡೇ ಕೇಳಿದಳು.

"ಮದುವೆ ಕೆಲಸ ಮತ್ತೆ ಬಂದಿದೆ ಕಣೋ. ನಾನು ಯಾವಾಗ ಕೂರಲಿ?"

"ನೀನ್ಯಾಕೆ ಅಮ್ಮಾ, ನಾನೇ ಮಾಡ್ತೀನಿ. ನೀನು ಆರಾಮಾಗಿರು."

"ನಂಗೆ ಆರಾಮ ಬೇಡ. ಒಂದು ಅಭ್ಯಾಸ ಬಿಡಬೇಕು ತಾನೆ? ಬಿಡ್ತೀನಿ. ಗ್ರಾಫ್ ನೋಡೋದು ಕಲಿಸು, ಕಲೀತೀನಿ. ನಿಂಗೆ ಅಕ್ಷರ ತಿದ್ದಿಸಿದವಳು ನಾನು. ಇಷ್ಟು ಕಲಿಯೋಕೆ ನಂಗಾಗಲ್ವಾ?"

"ಕೈಗೆ ಅಂಟಿದ್ದು ಅಷ್ಟು ಸುಲಭಕ್ಕೆ ಹೋಗಲ್ಲ. ಇನ್ನೊಬ್ಬರ ಸಿನಿಮಾ ಇದೆ ಇದರಲ್ಲಿ. ಸ್ಟುಡಿಯೋ ಹೆಸರು ಈಗಷ್ಟೇ ಏಳ್ತಿದೆ. ರಿಸ್ಕ್ ಬೇಡ."

"ನಾನು ರಿಸ್ಕಾ?"

ಮಗ ಕೀಬೋರ್ಡಿನ ಮೇಲೆ ಬೆರಳಾಡಿಸುತ್ತಾ, "ಹಾಗಲ್ಲಮ್ಮಾ," ಎಂದ. ಹೇಗೆ ಎಂದು ಹೇಳಲಿಲ್ಲ. ಅವಳು ಗಂಡನಿಗೆ ಹೇಳಿ ನೋಡಿದಳು. "ಅವನು ಹೇಳೋದರಲ್ಲಿ ತಪ್ಪೇನಿದೆ? ದುಡಿದು ಸಾಕಾಗಿಲ್ವೇನೇ? ಅಡಿಗೆ ಮನೆ ನೋಡ್ಕೋ," ಎಂದ ಸ್ಮೈಲಪ್ಪ. ಅವಳು ಸುಮ್ಮನಾಗಲಿಲ್ಲ. ದಿನಾ ಕೇಳಿದಳು. ತಟ್ಟೆ ಇಡುವಾಗ ಕೇಳಿದಳು, ತಟ್ಟೆ ಎತ್ತುವಾಗ ಕೇಳಿದಳು. ಕಾಟ ತಾಳಲಾರದೆ ಮಗ ಒಂದು ದಿನ ಒಪ್ಪಿದ.

"ಆಲ್ಬಂ ಕೆಲಸ ಮಾಡು. ಫೋಟೋ ಜೋಡಿಸೋದು, ಅಷ್ಟೆ. ನಿಂಗೆ ಅಂತಲೇ ಬೇರೆ ಒಂದು ಖಾತೆ ಮಾಡಿಕೊಡ್ತೀನಿ, ನಾನಿಲ್ಲದಾಗ ಅದರಲ್ಲಿ ಕೂತ್ಕೋ."

ಅವತ್ತು ಭಾನುವಾರ. ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಅವಳು ತನ್ನ ಕುರ್ಚಿಗೆ ಹೋಗಿ ಕೂತಳು. ಎಷ್ಟೋ ವಾರಗಳಿಂದ ಮಗನೇ ಕೂರುತ್ತಿದ್ದುದರಿಂದ ಕುರ್ಚಿಯ ಎತ್ತರ ಬದಲಾಗಿತ್ತು, ಕಾಲು ನೆಲಕ್ಕೆ ತಾಗಲಿಲ್ಲ. ಪರದೆ ಎದ್ದು, ಯಾರು ಎಂದು ಕೇಳಿತು. ಒಳಗೆ ಹೋಗಬಹುದಾದವರ ಹೆಸರುಗಳು ಸಾಲಾಗಿ ಬಂದವು. ಮಗನದೊಂದು, ಸ್ಟುಡಿಯೋದ್ದೊಂದು. ಗಂಡನ ಹೆಸರಿಗೂ ಒಂದಿತ್ತು, ಮೌಸ್ ಹಿಡಿಯಲು ಬಾರದ ಗಂಡನಿಗೆ. ಎಲ್ಲಕ್ಕಿಂತ ಕೆಳಗೆ, ಮುಖದ ಚಿತ್ರವಿಲ್ಲದ ಬೂದು ಬಣ್ಣದ ಸೊನ್ನೆಯ ಪಕ್ಕ, ಇನ್ನೊಂದು.

"ಇದರಲ್ಲಿ ನಂದು ಯಾವುದೋ?" ಎಂದು ಕೂಗಿದಳು.

"ಕೊನೇದು ಅಮ್ಮಾ," ಎಂದು ಮಗ ಒಳಗಿಂದಲೇ ಹೇಳಿದ. "ಗೆಸ್ಟ್ ಅಂತ ಇದೆಯಲ್ಲ, ಅದು."

"ಗೆಸ್ಟಾ?"

"ಅದು ಮಿಷಿನ್ನಿಂದೇ ಹಾಗೆ ಬರುತ್ತೆ ಅಮ್ಮಾ. ಅದರಲ್ಲಿ ಬಣ್ಣದ್ದು ಯಾವುದೂ ತೆಗೆಯೋಲ್ಲ, ಏನೂ ಕೆಡಲ್ಲ. ಹೆಸರಲ್ಲೇನಿದೆ ಬಿಡು."

ಎಡಿಟರಮ್ಮ ಅದನ್ನು ಒತ್ತಲಿಲ್ಲ. ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ಪರದೆ ಕಾದು ಕಾದು ತಾನೇ ಕಪ್ಪಾಯಿತು. ಎದ್ದು ಕೋಣೆಯ ಹೊರಗೆ ಬಂದು, ಊಟದ ಮೇಜಿನ ಹತ್ತಿರ ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೈಕಟ್ಟಿ ಕೂತಳು.

ಊಟದ ಹೊತ್ತಾಯಿತು. ಸ್ಮೈಲಪ್ಪ ಕೈ ತೊಳೆದು ಬಂದು ಮೇಜಿನ ಮುಂದೆ ಕೂತ. ಮಗ ಬಂದ. ತಟ್ಟೆಗಳಿರಲಿಲ್ಲ. ಸೊಸೆ ಅಡಿಗೆಮನೆಗೆ ಹೋಗಿ ನೋಡಿದರೆ ಒಲೆ ತಣ್ಣಗಿತ್ತು, ಅಕ್ಕಿ ಕೂಡ ತೊಳೆದಿರಲಿಲ್ಲ.

"ಏನೇ, ಹುಷಾರಿಲ್ವಾ?" ಎಂದ ಸ್ಮೈಲಪ್ಪ. "ಅಡಿಗೆ ಆಗಿಲ್ವಲ್ಲ."

"ಆಗಿಲ್ಲ."

"ಯಾಕೆ?"

"ನಾನು ಈ ಮನೆಗೆ ಬಂದ ನೆಂಟಳು ಅಂತ ನಿಮ್ಮ ಮಗನ ಮಿಷಿನ್ನಲ್ಲೇ ಬರೆದಿದೆ. ನೆಂಟರ ಕೈಲಿ ಯಾರಾದ್ರೂ ಅಡಿಗೆ ಮಾಡಿಸ್ತಾರೇನ್ರೀ?"

ಅವಳು ಜಗಳಕ್ಕೆ ಸಿದ್ಧಳಾಗಿಯೇ ಕೂತಿದ್ದಳು. ಗಂಡ ಕೂಗಾಡಲಿ, ಮಗ ಕ್ಷಮೆ ಕೇಳಲಿ, ಇಲ್ಲವೇ ಅವನೂ ಕೂಗಾಡಲಿ. ಆಡಬೇಕಾದ ಮಾತುಗಳೆಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು. ನೀವಿಬ್ಬರೂ ಉಂಡ ಅನ್ನದಲ್ಲಿ ಆ ಕುರ್ಚಿಯ ಪಾಲೆಷ್ಟು ಎಂದು ಕೇಳಬೇಕೆಂದಿದ್ದಳು.

ಮಗ ನಕ್ಕುಬಿಟ್ಟ. "ಅಮ್ಮನಿಗೆ ಇವತ್ತು ತಮಾಷೆ! ಹೋಗ್ಲಿ, ನಿಜವಾಗ್ಲೂ ಒಂದಿನ ರಜ ತಗೋ," ಎಂದು ಫೋನ್ ತೆಗೆದು ಹೋಟೆಲಿಗೆ ಹೇಳಿದ. ಸ್ಮೈಲಪ್ಪನೂ ನಕ್ಕ, ಮನೆಯೊಳಗೆ ಅವನು ನಕ್ಕದ್ದು ಎಷ್ಟೋ ತಿಂಗಳ ಮೇಲೆ. ಊಟದ ಪೊಟ್ಟಣಗಳು ಬಂದವು. ಸೊಸೆ ಒಳ್ಳೆಯ ತಟ್ಟೆ ತೆಗೆದು, ಒರೆಸಿ, "ಮೊದಲು ಅತ್ತೆಗೆ," ಎಂದು ಅವಳ ಮುಂದಿಟ್ಟು ಬಡಿಸಿದಳು. ಮಗ ಲೋಟಕ್ಕೆ ನೀರು ಹಾಕಿದ. "ಸಂಕೋಚ ಮಾಡ್ಕೋಬೇಡ, ಇನ್ನೊಂದು ಸ್ವಲ್ಪ ಹಾಕಿಸ್ಕೋ," ಎಂದ ಗಂಡ.

ಊಟವಾದ ಮೇಲೆ ತಟ್ಟೆ ಎತ್ತಲು ಹೋದರೆ ಸೊಸೆ ಬಿಡಲಿಲ್ಲ. ನಾಳೆಯಿಂದ ಬೆಳಗಿನ ಅಡಿಗೆ ನನಗಿರಲಿ ಅತ್ತೆ, ನೀವು ಕೂತಿರಿ ಎಂದಳು. ಅವಳ ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಮಗ ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ, ಗಂಡ ಮಲಗಲು ಹೋದ. ಎಡಿಟರಮ್ಮ ಬೆಂಚಿನ ಮೇಲೆ ಕೂತೇ ಇದ್ದಳು. ಉಪಚಾರದಲ್ಲಿ ಅವರು ಏನನ್ನೂ ಕಡಿಮೆ ಮಾಡಿರಲಿಲ್ಲ. ಬಾಗಿಲವರೆಗೆ ಬಂದು ಕಳಿಸಿಕೊಡುವುದೊಂದು ಮಾತ್ರ ಬಾಕಿ ಇತ್ತು.